ಜಪಾನಿನ ತಗಡು, ಬೆಂಗಳೂರಿನ ತುಕ್ಕು

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಅಟ್ಟದ ಮೇಲಿಂದ ಮೂರು ಟ್ರಂಕುಗಳು ಕೆಳಗಿಳಿಯುತ್ತವೆ. ಕುಮಾರಸ್ವಾಮಿ ಲೇಔಟಿನ ಈ ಮನೆ ತಾತ ನಿವೃತ್ತಿಯ ದುಡ್ಡಿನಲ್ಲಿ ಕಟ್ಟಿಸಿದ್ದು. ಟ್ರಂಕುಗಳು ಮಾತ್ರ ಅದಕ್ಕಿಂತ ಹಳೆಯವು, ಮತ್ತಿಕೆರೆಯ ಬಾಡಿಗೆ ಮನೆಯ ಕಾಲದವು. ಮೊದಲನೆಯದರಲ್ಲಿ ಪಟ್ಟದ ಗೊಂಬೆಗಳು, ದಶಾವತಾರದ ಸೆಟ್ಟು. ಎರಡನೆಯದರಲ್ಲಿ ಶೆಟ್ಟಿ-ಶೆಟ್ಟಿತಿ, ಮದುವೆಯ ದಿಬ್ಬಣ, ಚನ್ನಪಟ್ಟಣದ ರೈಲು. ಮೂರನೆಯದು 'ಪಾರ್ಕಿನ ಟ್ರಂಕು'. ಗೊಂಬೆ ಕೂರಿಸುವ ಮನೆಯವರಿಗೆ ಪಾರ್ಕು ಎಂದರೆ ಏನೆಂದು ಹೇಳಬೇಕಿಲ್ಲ. ಮೆಟ್ಟಿಲುಗಳ ಕೆಳಗೆ, ನೆಲದ ಮೇಲೆ ಮಣ್ಣು ಹರಡಿ ಸಾಸಿವೆ ಮೊಳಕೆ ಬರಿಸಿ, ಕನ್ನಡಿ ಇಟ್ಟು ಕೆರೆ ಮಾಡಿ, ಮೇಲಿನ ಮೆಟ್ಟಿಲುಗಳಲ್ಲಿ ಎಲ್ಲೂ ಸಲ್ಲದವರಿಗೆಲ್ಲ ಜಾಗ ಕೊಡುವ ಊರು ಅದು. ಅಲ್ಲಿ ಪ್ಲಾಸ್ಟಿಕ್ ಜಿರಾಫೆ ಇದೆ, ಟ್ರಾಫಿಕ್ ಪೊಲೀಸ್ ಇದ್ದಾನೆ. ಕೆರೆಯ ಪಕ್ಕದಲ್ಲಿ ಒಂದು ಗೇಣು ಎತ್ತರದ ತಗಡಿನ ರೋಬೋ ನಿಂತಿದೆ.

ಬೂದು ಬಣ್ಣದ ಮೈ, ಕೆಂಪು ಪಾದ, ಎದೆಯ ಮೇಲೆ ಅಚ್ಚು ಹಾಕಿದ ಗಡಿಯಾರದಂಥ ಮೂರು ಮೀಟರುಗಳು. ಮಗ್ಗುಲಲ್ಲಿ ಕೀಲಿ. ಗೊಂಬೆ ನೋಡಲು ಬಂದ ಮಕ್ಕಳು ಬೊಂಬೆ ಬಾಗಿನದ ಕೊಬ್ಬರಿ ಮಿಠಾಯಿ ಚೀಪುತ್ತಾ "ಇದ್ಯಾವ ದೇವರು ಅಜ್ಜಿ?" ಎಂದು ಕೇಳುತ್ತಿದ್ದವು. ಅಜ್ಜಿ ಸ್ವಲ್ಪವೂ ತಡವರಿಸದೆ "ಅವನು ಜಪಾನಿನ ದ್ವಾರಪಾಲಕ ಕಣೋ" ಎನ್ನುತ್ತಿದ್ದರು.

ನನಗೆ ಹತ್ತು ವರ್ಷವಾಗಿದ್ದಾಗ, ಹಬ್ಬದ ಹಿಂದಿನ ಸಂಜೆ, ಅಜ್ಜಿ ಹಿತ್ತಲಲ್ಲಿ ತಾಮ್ರದ ಚೊಂಬು, ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ರೋಬೋದ ಬೆನ್ನು ಪೂರ್ತಿ ಕಂದಾಗಿತ್ತು. ಹುಣಸೆಹಣ್ಣಿಗೆ ಉಪ್ಪು ಬೆರೆಸಿ, ತೆಂಗಿನ ನಾರಿನಿಂದ ಶಕ್ತಿಯಿದ್ದಷ್ಟೂ ತಿಕ್ಕಿದೆ. ಕಂದು ಹೋಯಿತು. ಅದರ ಜೊತೆಗೆ ಬೂದು ಬಣ್ಣವೂ ಹೋಯಿತು. ಬೆನ್ನಿನ ಮೇಲೆ ಬೊಟ್ಟಿನಷ್ಟು ಅಗಲದ ಒಂದು ಗುರುತಿತ್ತು, ಕೆಳಗೆ ಇಂಗ್ಲಿಷಿನಲ್ಲಿ ಏನೋ ಸಾಲು. ಗುರುತು ಪೂರ್ತಿ ಅಳಿಸಿತು. ಸಾಲಿನಲ್ಲಿ ಉಳಿದದ್ದು ಕೊನೆಯ ಮೂರು ಅಕ್ಷರ: 'ಪ್ಯಾನ್'. ಅಜ್ಜಿ ಅದನ್ನು ಬೆಳಕಿಗೆ ಹಿಡಿದು "ಪಳಪಳ ಅಂತಿದೆ ನೋಡು" ಎಂದು ಮೆಚ್ಚಿದರು. ನನಗೆ ಎಂಥ ಹೆಮ್ಮೆ!

ಈಗ ನನ್ನ ಪಿಎಚ್‌.ಡಿ. ವಿಷಯ ಕಳೆದ ಶತಮಾನದ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿದ್ದ ವಸ್ತುಗಳ ಇತಿಹಾಸ. ಯಾರದೋ ಮನೆಯ ರೇಡಿಯೋದ ಹಿಂಬದಿ ತಗಡನ್ನು ಭೂತಗನ್ನಡಿ ಹಿಡಿದು ಓದುತ್ತೇನೆ. ನನ್ನ ಮನೆಯ ದಾಖಲೆಯನ್ನು ಮಾತ್ರ ನಾನೇ ಹುಣಸೆಹಣ್ಣು ಹಾಕಿ ತೊಳೆದಿದ್ದೇನೆ. ಆ ಗುರುತು ಏನು ಹೇಳಬಹುದಿತ್ತು, ಅದಿಲ್ಲದೆ ಈಗ ಏನು ಉಳಿದಿದೆ ಎಂದು ಹುಡುಕಿದ ಬರಹ ಇದು.

ಮೊದಲು ತಗಡಿನ ವಿಷಯ. ಕನ್ನಡದಲ್ಲಿ ತಗಡು ಎಂದರೆ ಬೈಗುಳ. ಬೆಲೆಯಿಲ್ಲದ್ದು, ಗಟ್ಟಿಯಿಲ್ಲದ್ದು. ಆದರೆ ಆಟಿಕೆಯ ತಗಡು ಬರೀ ಕಬ್ಬಿಣದ ಹಾಳೆಯಲ್ಲ. ತೆಳು ಉಕ್ಕಿನ ಎರಡೂ ಬದಿಗೆ ತವರದ ಲೇಪನ ಇರುತ್ತದೆ. ಬೀದಿಯಲ್ಲಿ "ಕಲಾಯಿ... ಕಲಾಯಿ..." ಎಂದು ಕೂಗುತ್ತಾ ಬರುತ್ತಿದ್ದವರು ಹಿತ್ತಾಳೆ ಪಾತ್ರೆಯ ಒಳಗೆ ಹಚ್ಚುತ್ತಿದ್ದದ್ದೂ ಇದೇ ತವರವನ್ನು. ಹುಳಿ ಸಾರು ಪಾತ್ರೆಯ ಲೋಹಕ್ಕೆ ತಾಗದಂತೆ ಅದು ಕಾಯುತ್ತದೆ. ತಗಡಿನ ಡಬ್ಬಿಯಲ್ಲಿ ಗಾಳಿ ನೀರು ಉಕ್ಕಿಗೆ ತಾಗದಂತೆ ಕಾಯುತ್ತದೆ.

ಈ ತಗಡಿನ ಮೇಲೆ ಚಿತ್ರ ಮೂಡಿಸುವುದು 19ನೇ ಶತಮಾನದ ದೊಡ್ಡ ತಲೆನೋವಾಗಿತ್ತು. ಲಿಥೋಗ್ರಫಿಯ ಕಲ್ಲು ಗಟ್ಟಿ, ತಗಡೂ ಗಟ್ಟಿ. ಗಟ್ಟಿಯ ಮೇಲೆ ಗಟ್ಟಿ ಒತ್ತಿದರೆ ಬಣ್ಣ ಸರಿಯಾಗಿ ಕೂರುವುದಿಲ್ಲ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್ಕ್ಲೆ ಇದಕ್ಕೊಂದು ಉಪಾಯ ಕಂಡುಹಿಡಿದ. ಚಿತ್ರವನ್ನು ಮೊದಲು ಮೆತ್ತನೆಯ ಉರುಳೆಗೆ ಇಳಿಸಿಕೊಂಡು, ಉರುಳೆಯಿಂದ ತಗಡಿಗೆ ದಾಟಿಸುವುದು. ಇದೇ ಆಫ್‌ಸೆಟ್ ಮುದ್ರಣ. ಅದು ಕಾಗದಕ್ಕೆ ಬಂದದ್ದು 20ನೇ ಶತಮಾನದ ಮೊದಲ ವರ್ಷಗಳಲ್ಲಿ. ನಮ್ಮ ಪತ್ರಿಕೆ, ಪುಸ್ತಕ, ಮದುವೆ ಕರೆಯೋಲೆಗಳೆಲ್ಲ ಅಚ್ಚಾಗುವ ವಿಧಾನ ಮೊದಲು ಹುಟ್ಟಿದ್ದು ಡಬ್ಬಿಗಳಿಗಾಗಿ.

ಆಟಿಕೆ ಮಾಡುವವರಿಗೆ ಇದು ವರವಾಯಿತು. ಹಾಳೆ ಚಪ್ಪಟೆಯಾಗಿದ್ದಾಗಲೇ ಕಣ್ಣು, ಗುಂಡಿ, ಮೀಟರು ಎಲ್ಲವನ್ನೂ ಅಚ್ಚು ಹಾಕಿ, ಆಮೇಲೆ ಕತ್ತರಿಸಿ, ಒತ್ತಿ, ಮಡಿಸಿ, ಒಂದು ತುಂಡಿನ ಅಂಚಿನ ಕಿವಿಯನ್ನು ಇನ್ನೊಂದರ ಸೀಳಿಗೆ ತೂರಿಸಿ ಬಗ್ಗಿಸಿದರೆ ಆಯಿತು. ಹೆಚ್ಚಿನದಕ್ಕೆ ಬೆಸುಗೆ ಬೇಡ, ಮೊಳೆ ಬೇಡ. ಜರ್ಮನಿಯ ನ್ಯೂರೆಂಬರ್ಗ್ ಈ ಕೆಲಸಕ್ಕೆ ಜಗತ್ತಿಗೇ ಹೆಸರಾಗಿತ್ತು. ನಮ್ಮ ಜಾತ್ರೆಗಳಿಗೂ ತಗಡಿನ ಆಟಿಕೆ ಹೊಸದಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋದವರು ನೀರಿನ ತೊಟ್ಟಿಯಲ್ಲಿ ಪಟಪಟ ಎಂದು ಸುತ್ತುವ ಪುಟ್ಟ ದೋಣಿಯನ್ನು ನೋಡಿರುತ್ತೀರಿ. ಒಳಗೊಂದು ದೀಪ, ದೀಪದ ಮೇಲೆ ಪುಟ್ಟ ಬಾಯ್ಲರು. ಬ್ರಿಟನ್ನಿನಲ್ಲಿ ಥಾಮಸ್ ಪಿಯೋ ಎಂಬಾತ ಇದಕ್ಕೆ ಪೇಟೆಂಟ್ ಪಡೆದದ್ದು 1891ರಲ್ಲಿ.

ಇನ್ನು ರೋಬೋ. ಈ ಪದ ಬಂದದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ 'ಆರ್.ಯು.ಆರ್.' ನಾಟಕದಿಂದ. ಪದ ಸೂಚಿಸಿದವನು ಅವನ ಅಣ್ಣ, ಚಿತ್ರಕಾರ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೋಟಾ' ಎಂದರೆ ಜಮೀನ್ದಾರನಿಗೆ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಕನ್ನಡದಲ್ಲಿ ಇದಕ್ಕೆ ಸಲೀಸಾದ ಪದವಿದೆ: ಬಿಟ್ಟಿ. ಸಂಸ್ಕೃತದ ವಿಷ್ಟಿ ನಮ್ಮಲ್ಲಿ ಬಿಟ್ಟಿಯಾಗಿ, ಶಾಸನಗಳಲ್ಲಿ ಬಲವಂತದ ದುಡಿಮೆಯ ಹೆಸರಾಗಿ ಕಾಣಿಸಿಕೊಂಡು, ಈಗ 'ಪುಕ್ಕಟೆ' ಎಂಬ ಅರ್ಥಕ್ಕೆ ಇಳಿದಿದೆ. ಚಾಪೆಕ್‌ನನ್ನು ಅಚ್ಚಗನ್ನಡಕ್ಕೆ ತಂದರೆ ರೋಬೋವನ್ನು ಬಿಟ್ಟಿಯಾಳು ಎನ್ನಬೇಕು. ಅವನ ನಾಟಕದ ರೋಬೋಗಳು ಲೋಹದವೂ ಅಲ್ಲ, ಕಾರ್ಖಾನೆಯಲ್ಲಿ ತಯಾರಾದ ಮಾಂಸಮಜ್ಜೆಯವು. ರೋಬೋ ಎಂದೊಡನೆ ತಗಡಿನ ಡಬ್ಬಿಯಂಥ ಮೈ ನಮ್ಮ ಕಣ್ಣಿಗೆ ಬರುವಂತಾದದ್ದು ಆಮೇಲೆ, ಸಿನಿಮಾದಿಂದ ಮತ್ತು ಆಟಿಕೆಗಳಿಂದ.

ಆ ಆಟಿಕೆಗಳ ತವರು ಜಪಾನ್. ಎರಡನೆಯ ಮಹಾಯುದ್ಧ ಮುಗಿದಾಗ ಅಲ್ಲಿ ಲೋಹಕ್ಕೆ ಬರ. 1945ರ ಕೊನೆಯಲ್ಲಿ ಓಟ್ಸು ಊರಿನ ಮಾತ್ಸುಜೋ ಕೊಸುಗೆ ಎಂಬ ಆಟಿಕೆ ತಯಾರಕ ಅಮೆರಿಕನ್ ಸೈನಿಕರು ತಿಂದು ಬಿಸಾಡಿದ ಆಹಾರದ ಡಬ್ಬಿಗಳನ್ನು ಆಯ್ದು ತಂದು, ಬಿಡಿಸಿ ಚಪ್ಪಟೆ ಮಾಡಿ, ಅದೇ ಸೈನಿಕರ ಜೀಪಿನ ಆಟಿಕೆ ಮಾಡಿದ. ಕ್ಯೋಟೋದ ಅಂಗಡಿಯಲ್ಲಿ ಹತ್ತು ಯೆನ್ನಿಗೊಂದರಂತೆ ಮಾರಾಟವಾದ ಆ ಜೀಪುಗಳಿಗೆ ಜನ ಸಾಲುಗಟ್ಟಿದರು. ಸೋತ ದೇಶದ ಮಕ್ಕಳು ಗೆದ್ದ ದೇಶದ ಜೀಪನ್ನು ಗೆದ್ದವರ ಊಟದ ಡಬ್ಬಿಯಿಂದಲೇ ಮಾಡಿಸಿಕೊಂಡು ಆಡಿದರು. 1947ರಿಂದ 1952ರವರೆಗೆ ರಫ್ತಾದ ಬಹಳಷ್ಟು ಸಾಮಾನುಗಳ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು' ಎಂಬ ಅರ್ಥದ ಮುದ್ರೆ ಇರುತ್ತಿತ್ತು. ಆಡಳಿತ ಜಪಾನಿನ ಕೈಗೆ ಮರಳಿದ ಮೇಲೆ 'ಆಕ್ರಮಿತ' ಹೋಗಿ ಬರೀ ಜಪಾನ್ ಉಳಿಯಿತು. ಅದಕ್ಕೇ ಸಂಗ್ರಾಹಕರು ಆಟಿಕೆ ಕೈಗೆ ಬಂದೊಡನೆ ಮೊದಲು ಮಗುಚಿ ನೋಡುವುದು. ಒಂದು ಪದದಿಂದ ಕಾಲ ಗೊತ್ತಾಗುತ್ತದೆ. ಪಕ್ಕದ ಪುಟ್ಟ ಗುರುತಿನಿಂದ ಕಂಪನಿ ಗೊತ್ತಾಗುತ್ತದೆ. ನೊಮುರಾ, ಮಸುದಾಯ, ಹೊರಿಕಾವ, ಹೀಗೆ ಒಬ್ಬೊಬ್ಬರದೂ ಒಂದೊಂದು ಮುದ್ರೆ.

1956ರಲ್ಲಿ ಹಾಲಿವುಡ್ಡಿನ 'ಫರ್ಬಿಡನ್ ಪ್ಲಾನೆಟ್' ಚಿತ್ರ ಬಂತು. ಅದರ ರಾಬಿ ಎಂಬ ರೋಬೋವನ್ನು ಹೋಲುವ ಆಟಿಕೆಗಳು ಟೋಕಿಯೋದಿಂದ ಹಡಗುಗಟ್ಟಲೆ ಹೊರಟವು. ಮುಂದಿನ ಹದಿನೈದು ವರ್ಷ ತಗಡಿನ ರೋಬೋಗಳ ಸುಗ್ಗಿ. ಎದೆ ತೆರೆದು ಬಂದೂಕು ತೋರಿಸುವವು, ತಲೆಯಲ್ಲಿ ದೀಪ ಮಿನುಗಿಸುವವು, ಗೋಡೆಗೆ ಡಿಕ್ಕಿ ಹೊಡೆದು ತಿರುಗಿ ಬರುವವು. 1970ರ ದಶಕಕ್ಕೆ ಪ್ಲಾಸ್ಟಿಕ್ ಅಗ್ಗವಾಯಿತು. ತಗಡಿನ ಚೂಪು ಅಂಚುಗಳ ಬಗ್ಗೆ ಕೊಳ್ಳುವ ದೇಶಗಳ ಕಾನೂನೂ ಬಿಗಿಯಾಯಿತು. ಸುಗ್ಗಿ ಮುಗಿಯಿತು. ಮಕ್ಕಳು ಬಿಟ್ಟದ್ದನ್ನು ದೊಡ್ಡವರು ಎತ್ತಿಕೊಂಡರು. ತೆರುಹಿಸಾ ಕಿತಾಹಾರಾ ಎಂಬ ಸಂಗ್ರಾಹಕರು 1986ರಲ್ಲಿ ಯೋಕೊಹಾಮಾದಲ್ಲಿ ತಗಡಿನ ಆಟಿಕೆಗಳಿಗೆಂದೇ ಒಂದು ಮ್ಯೂಸಿಯಂ ತೆರೆದರು.

ಇಂಥದ್ದೊಂದು ಮತ್ತಿಕೆರೆಯ ಬಾಡಿಗೆ ಮನೆಗೆ ಬಂದದ್ದು ಹೇಗೆ? 1957ರ ಸುಮಾರಿಗೆ ಭಾರತಕ್ಕೆ ವಿದೇಶಿ ವಿನಿಮಯದ ದೊಡ್ಡ ಬಿಕ್ಕಟ್ಟು ಬಂತು. ಆಮದಿನ ಮೇಲೆ ಹಿಡಿತ ಬಿಗಿಯಾಯಿತು. ಜಪಾನಿನ ಆಟಿಕೆ ಚಿಕ್ಕಪೇಟೆಯ ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿಟ್ಟಿರುವ ಕಾಲ ಅದಲ್ಲ. ಯಾರಾದರೂ ತರಬೇಕಿತ್ತು. ಯಾರು ತಂದರು ಎಂಬುದಕ್ಕೆ ನಮ್ಮ ಮನೆಯಲ್ಲಿ ಎರಡು ಕತೆಗಳಿವೆ.

ಅಜ್ಜಿಯ ಕತೆ: 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌.ಎಂ.ಟಿ. ಗಡಿಯಾರ ಕಾರ್ಖಾನೆ ಶುರುವಾಯಿತು. ತಾತ ಸ್ವಲ್ಪ ಕಾಲದಲ್ಲೇ ಅಲ್ಲಿಗೆ ಕೆಲಸಕ್ಕೆ ಸೇರಿದರು. ತರಬೇತಿಗೆಂದು ಜಪಾನಿಗೆ ಹೋಗುವ ಅವಕಾಶ ತಾತನಿಗೂ ಬಂದಿತ್ತು. ಅದೇ ಹೊತ್ತಿಗೆ ಅವರ ತಾಯಿ ಹಾಸಿಗೆ ಹಿಡಿದರು. ತಾತ ಉಳಿದರು, ಗೆಳೆಯರೊಬ್ಬರು ಹೋದರು. ಹೋದವರು ಬರುವಾಗ "ನಿನ್ನ ಪಾಲಿನ ಜಪಾನು" ಎಂದು ಈ ರೋಬೋ ತಂದುಕೊಟ್ಟರು.

ಅಮ್ಮನ ಕತೆ: ಅಂಥದ್ದೇನೂ ಇಲ್ಲ. ಚಿಕ್ಕಜ್ಜಿಯ ಮದುವೆಗೆ ಎಲ್ಲರೂ ಮದರಾಸಿಗೆ ಹೋಗಿದ್ದಾಗ, ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ತಾತ ಕೊಡಿಸಿದ್ದು. ಅಮ್ಮನಿಗೆ ಆಗ ಐದು ವರ್ಷ, ಅಂದರೆ 1971ರ ಆಸುಪಾಸು. "ನಾನೇ ಅತ್ತು ಕೊಡಿಸಿಕೊಂಡಿದ್ದು ನನಗೆ ನೆನಪಿಲ್ಲವೇನೇ?" ಎನ್ನುತ್ತಾರೆ. ಮೂರ್ ಮಾರ್ಕೆಟ್ 1985ರ ಬೆಂಕಿಯಲ್ಲಿ ಸುಟ್ಟುಹೋಯಿತು. ತಾತ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಅಜ್ಜಿ ತೀರಿಕೊಂಡು ಎಂಟು ವರ್ಷ.

ಅಳಿಸಿದ ಗುರುತಿನ ಬೆಲೆ ನನಗೆ ತಿಳಿದದ್ದು ಇಲ್ಲಿ. ಕಂಪನಿಯ ಮುದ್ರೆ ಇದ್ದಿದ್ದರೆ ಈ ಮಾದರಿ ಯಾವ ವರ್ಷಗಳಲ್ಲಿ ತಯಾರಾಯಿತೆಂದು ಹುಡುಕಬಹುದಿತ್ತು. 1965ರ ನಂತರದ್ದೆಂದು ಸಿಕ್ಕಿದ್ದರೆ ಅಜ್ಜಿಯ ಕತೆ ಬಿದ್ದುಹೋಗುತ್ತಿತ್ತು. ಮೊದಲಿನದ್ದೆಂದು ಸಿಕ್ಕಿದ್ದರೆ ಕನಿಷ್ಠ ನಿಲ್ಲುತ್ತಿತ್ತು. ಜಪಾನಿಗೆ ಹೋಗದೆ ಉಳಿದ ಮನುಷ್ಯನಿಗೆ ಸಿಕ್ಕ ಸಮಾಧಾನವೋ, ಅತ್ತ ಮಗುವಿಗೆ ಸಿಕ್ಕ ಹಳೇ ಸಾಮಾನೋ ಎಂಬ ಪ್ರಶ್ನೆಯನ್ನು ಹತ್ತು ವರ್ಷದ ನಾನು ಒಂದು ಸಂಜೆಯಲ್ಲಿ ಮುಚ್ಚಿಬಿಟ್ಟಿದ್ದೆ.

ಉಳಿದದ್ದು ತುಕ್ಕು. ಅದನ್ನೇ ಓದಲು ಕೂತೆ.

ತಗಡು ತುಕ್ಕು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಸತುವಿನ ಲೇಪನವಿರುವ ಬಕೆಟ್ಟಿಗೆ ಗೀರು ಬಿದ್ದರೆ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರಕ್ಕೆ ಅಷ್ಟು ತ್ಯಾಗಬುದ್ಧಿಯಿಲ್ಲ. ಲೇಪನ ಇಡಿಯಾಗಿರುವ ತನಕ ಮಾತ್ರ ಅದು ಕಾವಲು. ಒಂದು ಗೀರು ಬಿದ್ದರೆ ತೇವವಿರುವ ಕಡೆ ಅದೇ ಉಕ್ಕನ್ನು ಇನ್ನಷ್ಟು ಬೇಗ ತಿನ್ನಿಸುತ್ತದೆ. ಹಾಗಾಗಿ ತಗಡಿನ ಆಟಿಕೆಯಲ್ಲಿ ತುಕ್ಕು ಶುರುವಾಗುವುದು ಬಣ್ಣ, ತವರ ಎರಡೂ ಹೋದ ಕಡೆ. ಕೈ ತಾಗಿದ ಕಡೆ, ನೆಲಕ್ಕೆ ಉಜ್ಜಿದ ಕಡೆ, ಬಿದ್ದ ಕಡೆ, ನೀರು ನಿಂತ ಕಡೆ. ತುಕ್ಕೆಂದರೆ ಆ ವಸ್ತುವನ್ನು ಜನ ಹೇಗೆ ಬಳಸಿದರು ಎಂಬುದರ ನಕಾಶೆ.

ನಮ್ಮ ರೋಬೋದ ಸೊಂಟದ ಎರಡೂ ಬದಿಗೆ ಬಣ್ಣ ಸವೆದು ಕಂದು ಮಚ್ಚೆಗಳಿವೆ. ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ. ಅಗಲ ನೋಡಿದರೆ ಮಗುವಿನ ಕೈ. ಪಾದದ ಅಡಿ ಪೂರ್ತಿ ತುಕ್ಕು. ಅದು ಪಾರ್ಕಿನ ಒದ್ದೆ ಮಣ್ಣಿನದ್ದು. ಪ್ರತಿ ವರ್ಷ ಸಾಸಿವೆ ಮೊಳಕೆಗೆ ನೀರು ಚಿಮುಕಿಸಿದಾಗಲೆಲ್ಲ ಅದರ ಪಾಲು ಇದಕ್ಕೂ ಬಿದ್ದಿದೆ. ಹಣೆಯಲ್ಲಿ, ಎರಡು ಕಣ್ಣಿನ ನಡುವೆ, ತುಕ್ಕಲ್ಲದ ಒಂದು ಕೆಂಪು ಬೊಟ್ಟಿದೆ. ಕುಂಕುಮ. ಆಯುಧಪೂಜೆಯ ದಿನ ಹೊಲಿಗೆ ಮಿಷಿನ್ನಿಗೆ, ತಾತನ ಸ್ಕ್ರೂಡ್ರೈವರ್ ಸೆಟ್ಟಿಗೆ, ಸ್ಕೂಟರಿಗೆ ಕುಂಕುಮ ಇಡುವಾಗ ಅಜ್ಜಿ ಇದನ್ನೂ ಬಿಡುತ್ತಿರಲಿಲ್ಲ. ಕೀಲಿ ಇರುವುದೆಲ್ಲ ಯಂತ್ರವೇ ಎಂಬುದು ಅವರ ಲೆಕ್ಕ. ಒದ್ದೆ ಬೆರಳಿನಿಂದ ವರ್ಷ ವರ್ಷ ಇಟ್ಟ ಕುಂಕುಮ ವಾರ್ನಿಷ್ ದಾಟಿ ಬಣ್ಣದೊಳಗೆ ಇಳಿದಿದೆ.

ಕೀಲಿಯೂ ಅಷ್ಟೇ. ಅದು ಈ ಆಟಿಕೆಯ ಜೊತೆ ಬಂದದ್ದಲ್ಲ. ಹಿತ್ತಾಳೆಯದು, ಹಳೇ ಅಲಾರಂ ಟೈಂಪೀಸಿನದು. ರೋಬೋದ ಸ್ಪ್ರಿಂಗಿನ ದಂಡಕ್ಕೆ ಕೂರುವಂತೆ ತೂತನ್ನು ಅರದಿಂದ ಉಜ್ಜಿ ಚೌಕ ಮಾಡಿದ್ದಾರೆ. ಚೌಕದ ನಾಲ್ಕು ಮೂಲೆಯೂ ಎಷ್ಟು ಸರಿಯಾಗಿದೆಯೆಂದರೆ ಗಡಿಯಾರದ ಕೆಲಸ ಗೊತ್ತಿದ್ದವರೇ ಮಾಡಿದ್ದೆಂದು ನೋಡಿದರೆ ತಿಳಿಯುತ್ತದೆ. ಯಾರೆಂದು ಬಿಡಿಸಿ ಹೇಳಬೇಕೆ?

ಇನ್ನೊಂದು ಸಾಕ್ಷಿ ಸಿಕ್ಕಿದ್ದು ಟ್ರಂಕಿನ ತಳದಲ್ಲಿ, ರೋಬೋಗೆ ಸುತ್ತುತ್ತಿದ್ದ ಕಾಗದಗಳಲ್ಲಿ. ಮೇಲಿನವು ಇತ್ತೀಚಿನವು. ಅಡಿಯಲ್ಲಿ ಹಳದಿಯಾದ ಒಂದು ಹಾಳೆ, ದಿನಾಂಕದ ಮೂಲೆ ಹರಿದಿದೆ. ಅದರಲ್ಲಿ ಎರಡು ಪಾದಗಳ ಆಕಾರದ ತುಕ್ಕಿನ ಅಚ್ಚು ಮೂಡಿದೆ. ರೋಬೋದ ಪಾದ ಇಟ್ಟು ನೋಡಿದೆ, ಸರಿಯಾಗಿ ಕೂತಿತು. ಹಾಳೆಯ ಒಂದು ಟೆಂಡರ್ ಪ್ರಕಟಣೆಯಲ್ಲಿ 'ಮೈಸೂರು ಸರ್ಕಾರ' ಎಂದಿದೆ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅಲ್ಲಿಗೆ ಪತ್ರಿಕೆ ಅದಕ್ಕಿಂತ ಹಿಂದಿನದು. ಆದರೆ ಹಳೇ ಪತ್ರಿಕೆಯನ್ನು ಎಷ್ಟೋ ವರ್ಷದ ಮೇಲೂ ಸುತ್ತಬಹುದಲ್ಲ? ಅಮ್ಮನನ್ನು ಕೇಳಿದೆ. "ನಿಮ್ಮಜ್ಜಿ ಮನೇಲಿ ಪೇಪರು ಒಂದು ತಿಂಗಳ ಮೇಲೆ ಉಳಿದಿದ್ದೇ ಇಲ್ಲ. ಹಳೇ ಪೇಪರಿನವನು ಬಂದ ಅಂದರೆ ತೂಗಿಸಿ ಕೊಟ್ಟಾಯಿತು" ಎಂದರು. ಹಾಗಾದರೆ 1973ರ ಹೊತ್ತಿಗೆ ರೋಬೋ ಮನೆಯಲ್ಲಿತ್ತು, ಆಗಲೇ ಅದರ ಪಾದ ತುಕ್ಕು ಹಿಡಿದಿತ್ತು. ಎರಡು ಕತೆಗಳಲ್ಲಿ ಯಾವುದನ್ನೂ ಇದು ಬೀಳಿಸುವುದಿಲ್ಲ. ಆದರೂ ನನ್ನ ಕೈಯಲ್ಲೀಗ ಒಂದು ಕಾಲಮಿತಿ ಇದೆ. ಅದನ್ನು ಕೊಟ್ಟದ್ದು ತುಕ್ಕು.

ಆಟಿಕೆಗಳ ಮಾರುಕಟ್ಟೆ ಇದನ್ನೆಲ್ಲ ಬೇರೆ ಥರ ಲೆಕ್ಕ ಹಾಕುತ್ತದೆ. ಹಳೆಯ ಆಟಿಕೆಗಳ ಸ್ಥಿತಿಗೆ ಸಂಗ್ರಾಹಕರು ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಹತ್ತು ಎಂದರೆ ಕಾರ್ಖಾನೆಯಿಂದ ಈಗಷ್ಟೇ ಬಂದಂತಿರುವುದು. ಪೆಟ್ಟಿಗೆಯೂ ಇದ್ದರೆ ಬೆಲೆ ಇನ್ನೂ ಏರುತ್ತದೆ. ಅಂದರೆ ಎಲ್ಲಕ್ಕಿಂತ ಬೆಲೆಬಾಳುವ ಆಟಿಕೆ ಯಾವ ಮಗುವೂ ಆಡದಿರುವುದು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಭಾನುವಾರದ ಬಜಾರಿಗೆ ನಾನು ಸಂಶೋಧನೆಯ ನೆಪದಲ್ಲಿ ಆಗಾಗ ಹೋಗುತ್ತೇನೆ. ರೋಬೋದ ಫೋಟೋ ತೋರಿಸಿದಾಗ ಒಬ್ಬ ವ್ಯಾಪಾರಿ "ಮೇಡಂ, ಗುರುತಿಲ್ಲ, ಕೀಲಿ ಒರಿಜಿನಲ್ ಅಲ್ಲ, ಹಣೆ ಮೇಲೆ ಕಲೆ. ಪೇಂಟ್ ಹೊಡೆಸಿಬಿಡಿ, ಶೋಕೇಸಿಗೆ ಆಗುತ್ತೆ" ಎಂದ. ಪಕ್ಕದವನು ನಕ್ಕು, ಕೆಲವರು ಹೊಸ ತಗಡಿನ ಆಟಿಕೆಯನ್ನೇ ಉಪ್ಪುನೀರಿನಲ್ಲಿಟ್ಟು ಹಳೆಯದು ಮಾಡುತ್ತಾರೆ ಎಂದ. ಅಂಥ ತುಕ್ಕು ಎಲ್ಲ ಕಡೆ ಒಂದೇ ಸಮ ಹಿಡಿದಿರುತ್ತದಂತೆ. ಯಾರೂ ಹಿಡಿದು ಆಡದ ವಸ್ತುವಿನ ತುಕ್ಕಿಗೆ ಸೊಂಟ ಯಾವುದು, ಹಣೆ ಯಾವುದು ಹೇಗೆ ತಿಳಿಯಬೇಕು?

ಆಡಿ ಸವೆದ ಯಂತ್ರದ ಆಟಿಕೆಗಳಲ್ಲಿ ಜಗತ್ಪ್ರಸಿದ್ಧವಾದದ್ದು ಕರ್ನಾಟಕದ್ದೇ. ಟಿಪ್ಪುವಿನ ಹುಲಿ. ಬಿಳಿಯನೊಬ್ಬನ ಮೇಲೆ ಎರಗಿದ ಮರದ ಹುಲಿ, ಒಳಗೆ ಆರ್ಗನ್ ವಾದ್ಯ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ಕೈಯೆತ್ತಿ ನರಳುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಅದನ್ನು ಲಂಡನ್ನಿಗೆ ಸಾಗಿಸಿದರು. ಅಲ್ಲಿ ಈಸ್ಟ್ ಇಂಡಿಯಾ ಹೌಸಿನಲ್ಲಿ ನೋಡಲು ಬಂದವರೆಲ್ಲ ಹಿಡಿ ತಿರುಗಿಸಿ ತಿರುಗಿಸಿ, ಪಕ್ಕದಲ್ಲಿ ಓದುತ್ತಾ ಕೂತವರಿಗೆ ಸಾಕುಸಾಕಾಗಿತ್ತು. ಕೊನೆಗೆ ಆ ಹಿಡಿಯೇ ಕಾಣೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಮೇಲಿನ ಚಾವಣಿ ಕುಸಿದಾಗ ಹುಲಿ ನೂರಾರು ಚೂರಾಯಿತು. ಆಮೇಲೆ ಜೋಡಿಸಿದರು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಶ್ರೀರಂಗಪಟ್ಟಣದ ಕೆಲಸ ಅದರಲ್ಲಿ ಎಷ್ಟು ಮುಖ್ಯವೋ, ಆಮೇಲಿನ ಸವೆತ, ಒಡೆತ, ರಿಪೇರಿಗಳೂ ಅದರ ಇತಿಹಾಸಕ್ಕೆ ಅಷ್ಟೇ ಮುಖ್ಯ. ಲೂಟಿಯ ಕತೆ ಇರುವುದು ಆ ಎರಡನೆಯ ಭಾಗದಲ್ಲೇ.

ಇಷ್ಟು ಹೇಳಿದೆನೆಂದು ಅಜ್ಜಿ ತಪ್ಪು ಮಾಡಿದರೆಂದಲ್ಲ. ಹಳೆಯ ಲೋಹದ ಮೇಲೆ ಕೂತ ಕಾಲದ ಬಣ್ಣವನ್ನು ಮೆಚ್ಚಿ ಕರೆಯುವುದಕ್ಕೆ ಕನ್ನಡದಲ್ಲಿ ಪದವಿಲ್ಲ. ಇರುವ ಪದಗಳೆಲ್ಲ ದೂರುಗಳೇ: ತುಕ್ಕು, ಜಂಗು, ಕಿಲುಬು, ಕರೆ, ಮಸಿ. ಅದಕ್ಕೆ ಕಾರಣವೂ ಇದೆ. ನಮ್ಮ ಲೋಹಗಳೆಲ್ಲ ಅಡುಗೆಮನೆಯಲ್ಲಿದ್ದವು. ಕಿಲುಬು ಹಿಡಿದ ತಾಮ್ರದಲ್ಲಿ ಹುಳಿ ಇಟ್ಟರೆ ಹೊಟ್ಟೆ ಕೆಡುತ್ತದೆ. ಹುಣಸೆಯ ಹುಳಿ ಆ ಕಿಲುಬನ್ನು ಕರಗಿಸುತ್ತದೆ. ತಿಕ್ಕುವುದು ಅಜ್ಜಿಗೆ ಬರೀ ಮಡಿಯಾಗಿರಲಿಲ್ಲ, ಮನೆಮಂದಿಯ ಆರೋಗ್ಯದ ವಿದ್ಯೆಯಾಗಿತ್ತು. ಚೊಂಬಿಗೆ ಸರಿಯಾದ ವಿದ್ಯೆಯನ್ನು ನಾನು ರೋಬೋಗೆ ಹಚ್ಚಿದೆ, ಅಷ್ಟೇ.

ತುಕ್ಕನ್ನು ಹಾಗೇ ಬಿಟ್ಟು ಪೂಜಿಸುವುದೂ ಸರಿಯಲ್ಲ. ಬಿಟ್ಟರೆ ಅದು ತಗಡನ್ನು ತಿಂದು ಮುಗಿಸುತ್ತದೆ, ದಾಖಲೆಯೂ ಹೋಗುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆಯೂ ಉಂಟು, ಚಿಕ್ಕ ಮಕ್ಕಳ ಬಾಯಿಗೆ ಸಿಗಬಾರದು. ನಾನೀಗ ಮಾಡುವುದು ಇಷ್ಟೇ: ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆಯುತ್ತೇನೆ, ನೀರು ಮುಟ್ಟಿಸುವುದಿಲ್ಲ. ಪತ್ರಿಕೆಯ ಕಾಗದದಲ್ಲಿ ಆಮ್ಲವಿರುತ್ತದೆ, ತೇವವನ್ನೂ ಹೀರುತ್ತದೆ. ಅದಕ್ಕೆ ಒಗೆದು ಮೆತ್ತಗಾದ ತಾತನ ಹಳೇ ಪಂಚೆಯಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಟ್ಟು ಟ್ರಂಕಿಗೆ ಹಾಕುತ್ತೇನೆ. ಮೈಸೂರು ಸರ್ಕಾರದ ಹಾಳೆ ಬೇರೆ ಕವರಿನಲ್ಲಿದೆ. ಅಜ್ಜಿಯ ಕತೆ, ಅಮ್ಮನ ಕತೆ ಎರಡನ್ನೂ ಬರೆದು, ಯಾರು ಯಾವಾಗ ಹೇಳಿದ್ದೆಂದು ನಮೂದಿಸಿ, ಅದರಲ್ಲೇ ಇಟ್ಟಿದ್ದೇನೆ. '2007: ಬೆನ್ನಿನ ಗುರುತು ಅಳಿಸಿದ್ದು, ನನ್ನಿಂದ' ಎಂದೂ ಬರೆದಿದ್ದೇನೆ.

ಈ ರೋಬೋದಲ್ಲಿ ತಗಡು, ಅಚ್ಚು, ಸ್ಪ್ರಿಂಗು ಜಪಾನಿನವು. ಇದೇ ಮಾದರಿಯ ಎಷ್ಟೋ ರೋಬೋಗಳಲ್ಲಿ ಅವೆಲ್ಲ ಹೀಗೇ ಇದ್ದಿರಬೇಕು. ಸೊಂಟದ ಬೆರಳಚ್ಚು, ಪಾದದ ಸಾಸಿವೆ ಮಣ್ಣಿನ ತುಕ್ಕು, ಹಣೆಯ ಕುಂಕುಮ, ಅರ ಉಜ್ಜಿದ ಕೀಲಿ, ಕೊನೆಗೆ ಬೆನ್ನಿನ ಮೇಲೆ ನನ್ನ ತೆಂಗಿನ ನಾರಿನ ಗೀರುಗಳು, ಇವು ಬೆಂಗಳೂರಿನವು. ಇದಕ್ಕೆ ಮಾತ್ರ ಇರುವಂಥವು. ಯಾರು ತಂದರೆಂದು ನನಗೆ ಗೊತ್ತಾಗಲಿಲ್ಲ. ತಂದ ಮೇಲೆ ಈ ಮನೆಯವರು ಅದನ್ನು ಏನು ಮಾಡಿಕೊಂಡರೆಂದು ಗೊತ್ತಾಯಿತು. ನಮ್ಮ ಲೇಔಟಿನ ಪಕ್ಕದಲ್ಲೇ ಇಸ್ರೋ ಲೇಔಟ್ ಇದೆ. ಅಲ್ಲಿಂದ ಗೊಂಬೆ ನೋಡಲು ಬರುವ ಮಕ್ಕಳಿಗೆ ರಾಕೆಟ್ಟು, ರೋಬೋ ಯಾವುದೂ ಹೊಸದಲ್ಲ. ಆದರೂ ಅವರು ಬಗ್ಗಿ ನೋಡುವುದು ಈ ಹಣೆಯ ಬೊಟ್ಟನ್ನೇ.

ಹೋದ ವರ್ಷ ಆಯುಧಪೂಜೆಯ ಬೆಳಿಗ್ಗೆ ಅಮ್ಮ ಕುಂಕುಮದ ಬಟ್ಟಲು ಹಿಡಿದು ಪಾರ್ಕಿನ ಮುಂದೆ ನಿಂತು ನನ್ನ ಮುಖ ನೋಡಿದರು. ಮುಟ್ಟಬೇಡಿ, ತಿಕ್ಕಬೇಡಿ, ಒದ್ದೆ ಮಾಡಬೇಡಿ ಎಂದು ನಾನು ತಿಂಗಳಿನಿಂದ ಹೇಳಿ ಹೇಳಿ ಅವರಿಗೆ ಹೆದರಿಕೆ ಹುಟ್ಟಿಸಿದ್ದೆ.

"ಇದಕ್ಕೆ ಇಡಬಹುದೇನೇ, ಇಲ್ಲಾ ಇದೂ ನಿನ್ನ ಮ್ಯೂಸಿಯಂ ಆಗಿಹೋಯಿತಾ?"

"ಇಡಮ್ಮ" ಎಂದೆ. "ಬೆರಳು ಮಾತ್ರ ಒದ್ದೆ ಮಾಡಿಕೊಳ್ಳಬೇಡ."

ಅಮ್ಮ ಸೆರಗಿಗೆ ಬೆರ��ು ಒರೆಸಿಕೊಂಡು, ಒಣ ಕುಂಕುಮವನ್ನು ಹಳೆಯ ಬೊಟ್ಟಿನ ಮೇಲೇ ಇಟ್ಟರು. ಆಮೇಲೆ ನಾನು ತಾತನ ಕೀಲಿ ಕೊಟ್ಟೆ. ರೋಬೋ ಸಾಸಿವೆ ಮೊಳಕೆಯ ಅಂಚಿನಲ್ಲಿ ನಾಲ್ಕು ಹೆಜ್ಜೆ ನಡೆದು, ಕನ್ನಡಿಯ ಕೆರೆಯ ಮುಂದೆ ನಿಂತಿತು.